ಉಜ್ಜಿದ ಗಾಜು, ಒರೆಸಿದ ಗಾಜು

ಮೂವತ್ತು ಚಿಲ್ಲರೆ ವರ್ಷ ನಾನು ಗಾಜು ಒರೆಸಿದ್ದೇನೆ. ಬಳ್ಳಾರಿಯ ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ನನ್ನ ಹುದ್ದೆಯ ಹೆಸರು ಆಗಾಗ ಬದಲಾಗುತ್ತಿತ್ತು. ಮೊದಲು ಅಟೆಂಡರ್, ಆಮೇಲೆ ಲ್ಯಾಬ್ ಅಸಿಸ್ಟೆಂಟ್, ಕೊನೆಗೆ ಇನ್ನೂ ಉದ್ದದ ಏನೋ ಒಂದು. ಹೆಸರು ಉದ್ದವಾದರೂ ಕೈಯಲ್ಲಿದ್ದ ಬಟ್ಟೆ ಅದೇ. ನಿವೃತ್ತಳಾಗಿ ಕುರುಗೋಡಿನ ಮನೆಯಲ್ಲಿ ಕೂತ ಮೇಲೆ, ನನ್ನ ಜಾಗಕ್ಕೆ ಸೇರಿದ ಹೆಣ್ಣುಮಗಳು ಒಂದು ಭಾನುವಾರ ಹುಡುಕಿಕೊಂಡು ಬಂದಳು. ಚಹಾ ಕುಡಿದು, ಬ್ಯಾಗಿನಿಂದ ನೋಟ್‌ಬುಕ್ ತೆಗೆದು, "ನೀಲಕ್ಕ, ಅಲ್ಲಿ ಏನೇನು ಕಲೀಬೇಕ್ರಿ, ಹೇಳ್ರಿ, ಬರಕೊಂತೀನಿ" ಅಂದಳು.

"ಗಾಜು ಒರಸೋದು ಕಲಿಯವ್ವ" ಅಂದೆ.

ತಮಾಷೆ ಎಂದುಕೊಂಡು ನಕ್ಕಳು. ಅವಳು ಹೋದ ಮೇಲೆ ನನಗೇ ಅನ್ನಿಸಿತು, ಇದು ಬಾಯಿಮಾತಿನಲ್ಲಿ ತಿಳಿಯುವಂಥದ್ದಲ್ಲ, ಬರೆದಿಡಬೇಕು. ಅದಕ್ಕೆ ಈ ಬರಹ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನನ್ನ ಬಾಯಿ ಬಿರುಸು ಎಂದು ವಿಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು, ಓದುವವರಿಗೂ ಗೊತ್ತಿರಲಿ.

ನಾನು ಸೇರಿದಾಗ ಪಿಯುಸಿ ವಿಜ್ಞಾನ ಓದಿದ್ದೆ, ಅಷ್ಟೇ. ಅದೇ ವರ್ಷ ರಾಮಾಂಜನೇಯುಲು ಸರ್ ಎಂಬ ಮೇಷ್ಟ್ರು ವಿಭಾಗಕ್ಕೆ ಬಂದಿದ್ದರು. ಮನೆಮಾತು ತೆಲುಗು, ಪಾಠ ಇಂಗ್ಲಿಷು, ಸಿಟ್ಟು ಬಂದರೆ ಮಾತ್ರ ಕನ್ನಡ. ದ್ರವ ಸ್ಫಟಿಕದ ಮೇಲೆ ಸಂಶೋಧನೆ ಮಾಡಬೇಕೆಂಬ ಹುಚ್ಚು ಹಿಡಿಸಿಕೊಂಡು ಬಂದ ಮನುಷ್ಯ. ಕಾಲೇಜಿನಲ್ಲಿ ಆಗ ಇದ್ದದ್ದು ಒಂದು ಹಳೆಯ ಸೂಕ್ಷ್ಮದರ್ಶಕ, ಎರಡು ಮುರುಕು ಮೇಜು ಮತ್ತು ನಾನು.

ಸೇರಿದ ಮೊದಲ ತಿಂಗಳಲ್ಲೇ ನಾನೊಂದು ಘನಂದಾರಿ ಕೆಲಸ ಮಾಡಿದೆ. ಮೇಜಿನ ಮೇಲೆ ಒಂದು ಗಾಜಿನ ತುಂಡಿತ್ತು, ಅದರ ಮೇಲೆ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗೆ ಏನೋ ಮೆತ್ತಿತ್ತು. ಸೋಪು ಹಾಕಿ ತಿಕ್ಕಿ ತೊಳೆದು ಫಳಫಳ ಮಾಡಿ ಇಟ್ಟೆ. ಸರ್ ಊಟ ಮುಗಿಸಿ ಬಂದರು. ಗಾಜನ್ನು ಎತ್ತಿ ನೋಡಿದರು, ನನ್ನನ್ನು ನೋಡಿದರು.

"ಇದರ ಮೇಲೆ ಇದ್ದದ್ದು ಎಲ್ಲಿ ಹೋಯ್ತಮ್ಮಾ?"

"ಹೊಲಸಾಗಿತ್ತು ಸರ್. ತೊಳದೀನಿ."

ಕನ್ನಡದಲ್ಲಿ ಕೇಳಿದ್ದರಲ್ಲ, ನನಗೆ ಅಲ್ಲೇ ಗೊತ್ತಾಯಿತು ಕೆಲಸ ಹೋಯಿತೆಂದು. ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಕಾಗದದ ಮೇಲೆ ಕಾಗದ ಬರೆದು ಅವರು ತರಿಸಿಕೊಂಡಿದ್ದ ಪದಾರ್ಥವಂತೆ ಅದು. ಸರ್ ಬೈಯಲಿಲ್ಲ. ಸೀಸೆಯ ತಳದಲ್ಲಿ ಉಳಿದದ್ದನ್ನು ಸೂಜಿಯ ಮೊನೆಯಲ್ಲಿ ತೆಗೆದು ಇನ್ನೊಂದು ಗಾಜಿಗೆ ಹಾಕಿ, ಬಿಸಿ ಮಾಡುವ ತಟ್ಟೆಯ ಮೇಲಿಟ್ಟು, "ಬಾ, ನೋಡು" ಅಂದರು.

ತಣ್ಣಗಿದ್ದಾಗ ಅದು ಬಿಳಿಯ ಪುಡಿ. ಕಾಯುತ್ತಾ ಬಂದಂತೆ ಮಜ್ಜಿಗೆಯಾಯಿತು, ಗಾಜನ್ನು ಓರೆ ಮಾಡಿದರೆ ಹರಿಯಿತು. ಇನ್ನೂ ಕಾಸಿದರೆ ಇದ್ದಕ್ಕಿದ್ದಂತೆ ತಿಳಿಯಾಗಿ ನೀರೇ ಆಯಿತು. ಆ ಮಜ್ಜಿಗೆಯ ಹೊತ್ತಿನಲ್ಲಿ ಅದು ಪೂರ್ತಿ ಗಟ್ಟಿಯೂ ಅಲ್ಲ, ಪೂರ್ತಿ ನೀರೂ ಅಲ್ಲ. ಹರಿಯುತ್ತದೆ, ಆದರೆ ಅದರೊಳಗಿನ ಅಣುಗಳು ಸಾಲು ಬಿಡುವುದಿಲ್ಲ. ಅದೇ ದ್ರವ ಸ್ಫಟಿಕ. ನಿಮ್ಮ ಕೈಗಡಿಯಾರದಲ್ಲಿ, ಟಿವಿಯಲ್ಲಿ ಕೂತಿರುವುದೂ ಅದರದೇ ಬಳಗ. ಬೆಳ್ಳಗಿದ್ದುದೆಲ್ಲ ಹಾಲಲ್ಲ ಎಂದು ಕೇಳಿದ್ದೆ, ಬೆಳ್ಳಗಿದ್ದುದೆಲ್ಲ ಕೊಳೆಯೂ ಅಲ್ಲ ಎಂದು ಅವತ್ತು ಕಲಿತೆ. ಸರ್ ಹೇಳಿದ್ದು ಒಂದೇ ಮಾತು: "ತೊಳಿಯೋ ಮುಂಚೆ ಕೇಳು."

ಸಾಲು ಹಿಡಿದಿದೆಯೋ ಇಲ್ಲವೋ ನೋಡುವ ರೀತಿಯನ್ನೂ ಅವರೇ ತೋರಿಸಿದರು. ಸೂಕ್ಷ್ಮದರ್ಶಕದಲ್ಲಿ ಗಾಜಿನ ಕೆಳಗೊಂದು, ಮೇಲೊಂದು ಬೆಳಕಿನ ಜಾಲರಿ ಇರುತ್ತದೆ. ಎರಡನ್ನೂ ಒಂದಕ್ಕೊಂದು ಅಡ್ಡ ಇಟ್ಟರೆ ಕತ್ತಲೆ. ನಡುವೆ ಸಾಲು ಹಿಡಿದ ಅಣುಗಳಿದ್ದರೆ ಬೆಳಕು ಬರುತ್ತದೆ. ಗಾಜನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ, ಇಡೀ ಗಾಜು ಒಂದೇ ದಿಕ್ಕಿಗೆ ಸಾಲು ಹಿಡಿದಿದ್ದ ಪಕ್ಷದಲ್ಲಿ, ಊರಿಗೆ ಊರೇ ಕರೆಂಟ್ ಹೋಗಿ ಬಂದಂತೆ ಒಟ್ಟಿಗೆ ಕಪ್ಪಾಗಿ ಒಟ್ಟಿಗೆ ಬೆಳಗುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಿದ್ದರೆ ಇಲ್ಲಿ ಕಪ್ಪು, ಅಲ್ಲಿ ಬೆಳಕು, ನಡುವೆ ಕರಿ ದಾರಗಳು. ಎಷ್ಟು ಸಲ ನೋಡಿದರೂ ನನಗೆ ಅದು ಬೇಸರವಾಗಲಿಲ್ಲ.

ಅಣು ಕಡ್ಡಿಯಂತಿದ್ದರೆ ಒಂದು ಥರ, ಬಿಲ್ಲೆಯಂತಿದ್ದರೆ ಇನ್ನೊಂದು ಥರ ಎಂಬುದು ಸರ್ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಕಡ್ಡಿಗಳು ಒಂದರ ಪಕ್ಕ ಒಂದು ಮಲಗುತ್ತವೆ, ಬಿಲ್ಲೆಗಳು ರೊಟ್ಟಿ ಪೇರಿಸಿದಂತೆ ಒಂದರ ಮೇಲೊಂದು ಕೂರುತ್ತವೆ. ಬಿಲ್ಲೆಯ ಮೇಲೆ ಒಬ್ಬ ಹುಡುಗ ಎರಡು ವರ್ಷ ಒದ್ದಾಡಿದ. ಅವನ ರೊಟ್ಟಿ ಗೋಪುರಗಳು ಒಂದು ದಿನವೂ ಒಂದೇ ಕಡೆ ಮುಖ ಮಾಡಲಿಲ್ಲ. ಕೊನೆಗೆ ಅವನು ಬ್ಯಾಂಕಿನ ಪರೀಕ್ಷೆ ಬರೆದು ಹೋದ. ಹೋಗುವ ದಿನ, "ಅಕ್ಕ, ಇನ್ನ ಮ್ಯಾಲೆ ಗಿರಾಕಿಗಳನ್ನ ಸಾಲಾಗಿ ನಿಂದ್ರಸ್ತೀನಿ, ಅವರರ ನಿಂದರ್ತಾರ" ಅಂದ.

ಇಷ್ಟೆಲ್ಲ ನೋಡಿದ್ದರೂ ಆಕಾರದ ಮಹಿಮೆ ನನಗೆ ನಿಜವಾಗಿ ತಿಳಿದದ್ದು ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ. ನನ್ನ ಸರ್ವಿಸಿನ ಕೊನೆಯ ವರ್ಷಗಳಲ್ಲಿ ದೇಶನೂರಿನ ರೇಣುಕಾ ಪಿಎಚ್‌ಡಿ ಮಾಡಲು ಸೇರಿದಳು. ಸರ್‌ಗೂ ಅವಳೇ ಕೊನೆಯ ವಿದ್ಯಾರ್ಥಿನಿ. ಅವಳ ಅಪ್ಪ ಮಾರೆಪ್ಪ ಸಿರುಗುಪ್ಪದ ಮಿಲ್ಲಿನಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದ. ರೇಣುಕಾಳ ಅಕ್ಕನ ಮದುವೆಗೆ ಸರ್ ಮತ್ತು ನಾನು ಹೋದಾಗ, ಮದುವೆ ಮುಗಿದು ಊಟಕ್ಕೆ ಕೂರುವ ಮುಂಚೆ ಅಪ್ಪ ಮಗಳು ನಮ್ಮನ್ನು ಮಿಲ್ಲು ತೋರಿಸಲು ಕರೆದೊಯ್ದರು. ಓರೆಯಾದ ತಗಡಿನ ಮೇಲೆ ಅಕ್ಕಿ ಜಾರಿ ಬರುತ್ತಿತ್ತು. ರೇಣುಕಾ ಬಗ್ಗಿ ಬೆರಳು ತೋರಿಸಿದಳು.

"ಸರ್, ಇಲ್ಲಿ ನೋಡ್ರಿ. ಉದ್ದನ ಅಕ್ಕಿ ಹೆಂಗ ತಲಿ ಮುಂದ ಮಾಡಿ ಸಾಲಾಗಿ ಬರ್ತೈತಿ. ನುಚ್ಚು ನೋಡ್ರಿ, ಅದಕ್ಕ ತಲಿನೂ ಇಲ್ಲ, ಬಾಲನೂ ಇಲ್ಲ, ಹೆಂಗ ಬೇಕಾದ್ರ ಹಂಗ ಹೊಳ್ಳತೈತಿ."

ಮಾರೆಪ್ಪ, "ನುಚ್ಚು ಜಾಸ್ತಿ ಸೇರಿದ್ರ ಉದ್ದಕ್ಕಿನೂ ಸಾಲು ತಪ್ಪತೈತ್ರಿ ಸಾರ್. ಸಂಗದೋಷ" ಅಂದ.

ರಾಮಾಂಜನೇಯುಲು ಸರ್ ಮದುವೆಯ ಊಟ ಮರೆತು ಅಲ್ಲೇ ನಿಂತರು. ತೌಡಿನ ಧೂಳು ಬಿದ್ದು ಅವರ ತಲೆ ಪೂರ್ತಿ ಬೆಳ್ಳಗಾಗುವವರೆಗೂ ಆ ತಗಡನ್ನೇ ನೋಡಿದರು. ನಾನೇ ಕೈಹಿಡಿದು ಹೊರಗೆ ಕರೆತಂದೆ.

ರೇಣುಕಾಳ ಪಾಲಿಗೆ ಬಂದದ್ದು ಕಡ್ಡಿಯೂ ಅಲ್ಲ, ಬಿಲ್ಲೆಯೂ ಅಲ್ಲ, ಬಾಗಿದ ಅಣು. ಇಂಗ್ಲಿಷಿನವರು ಅದನ್ನು ಬಾಳೆಹಣ್ಣಿಗೆ ಹೋಲಿಸುತ್ತಾರಂತೆ. ನಮ್ಮ ಲ್ಯಾಬಿನಲ್ಲಿ ಅದು ಕುಡುಗೋಲು. ಮೊದಲ ವರ್ಷ ಅವಳು ಕಡ್ಡಿ ಅಣುಗಳನ್ನು ಮಾತ್ರ ನೋಡಿದಳು. ಗಾಜುಗಳನ್ನು ತಾನೇ ತೊಳೆದು, ಬಿಸಿಗಾಳಿಗೆ ಒಣಗಿಸಿ, ಎರಡು ಗಾಜಿನ ನಡುವಿನ ಕೂದಲೆಳೆಯಷ್ಟು ಸಂದಿಗೆ ಪದಾರ್ಥ ಹರಿಸಿ ನೋಡುತ್ತಿದ್ದಳು. ಬರಿಯ ಗಾಜಿನ ಮೇಲೆ ಕಡ್ಡಿಗಳು ಸಾಲು ಹಿಡಿಯಲಿಲ್ಲ. ಹಿಡಿಯಬಾರದು ಕೂಡ.

ಇಲ್ಲಿ ನಮ್ಮ ಲ್ಯಾಬಿನ ಎರಡು ಪದ ಹೇಳಬೇಕು, ಕಥೆಯೆಲ್ಲ ಅದರ ಮೇಲೇ ನಿಂತಿದೆ. ಸಾಲು ಹಿಡಿಸಲೇಬೇಕೆಂದರೆ ಗಾಜಿಗೆ ಒಂದು ಲೇಪ ಹಚ್ಚಿ, ಮಖಮಲ್ಲಿನ ಬಟ್ಟೆಯಿಂದ ಒಂದೇ ದಿಕ್ಕಿಗೆ ಎಳೆಯುತ್ತಿದ್ದೆವು. ಅದಕ್ಕೆ ನಾವು ಉಜ್ಜುವುದು ಎನ್ನುತ್ತಿದ್ದೆವು. ಅದು ಪ್ರಯೋಗದ ಭಾಗ, ರಿಜಿಸ್ಟರಿನಲ್ಲಿ ಬರೆಯುವಂಥದ್ದು. ಬರಿಯ ಗಾಜಿನ ನೀರಾರಿಸಿ ಧೂಳು ತೆಗೆಯುವುದು ಒರೆಸುವುದು. ಅದು ನನ್ನ ಕೆಲಸ, ಅದನ್ನು ಯಾರೂ ಎಲ್ಲೂ ಬರೆಯುತ್ತಿರಲಿಲ್ಲ. ಉಜ್ಜಿದ ಗಾಜು ಒಂದು ಡಬ್ಬಿ, ಒರೆಸಿದ ಗಾಜು ಇನ್ನೊಂದು ಡಬ್ಬಿ.

ಎರಡನೆಯ ವರ್ಷ ಕುಡುಗೋಲು ಅಣು ಬಂದಾಗ ರೇಣುಕಾಳಿಗೆ ಕೈತುಂಬ ಕೆಲಸ. ಗಾಜು ತೊಳೆಯುವುದು, ಒರೆಸುವುದು ನನಗೆ ಬಂತು. ಜೀನ್ಸ್ ಹೊಲಿಯುವ ನಮ್ಮ ಓಣಿಯ ಹೆಣ್ಣುಮಕ್ಕಳು ಪ್ಯಾಂಟಿನ ಜೇಬಿಗೆ ಹಾಕುವ ಬಿಳಿ ಅರಿವೆಯ ತುಂಡು ಕೊಡುತ್ತಿದ್ದರು. ಅದನ್ನು ಹತ್ತಾರು ಸಲ ಒಗೆದರೆ ಗಾಜಿಗೆ ಅದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಬಟ್ಟೆಯನ್ನು ಮೂರು ಬೆರಳಿಗೆ ಸುತ್ತಿ, ಗಾಜಿನ ಉದ್ದಕ್ಕೆ ಎಡದಿಂದ ಬಲಕ್ಕೆ ಒಂದೇ ಎಳೆ. ಕೈ ಎತ್ತಿ ಮತ್ತೆ ಎಡಕ್ಕೆ ಬಂದು ಇನ್ನೊಂದು ಎಳೆ. ಚಿಕ್ಕಂದಿನಲ್ಲಿ ಅವ್ವ ವಿಭೂತಿ ಹಚ್ಚಲು ಕಲಿಸಿದ್ದೇ ಹಾಗೆ. "ಎಳದ ಕೈ ಹಿಂದಕ್ಕ ಎಳೀಬ್ಯಾಡ, ವಿಭೂತಿ ಕೆಡತೈತಿ" ಎನ್ನುತ್ತಿದ್ದಳು. ಹಣೆಗೆ ಕಲಿತದ್ದು ನನ್ನ ಕೈಗೆ ಎಲ್ಲದಕ್ಕೂ ಬಂತು. ಕನ್ನಡಿ, ಕಿಟಕಿ, ಮೇಜು, ಎಲ್ಲ ಒಂದೇ ದಿಕ್ಕು. ರೇಣುಕಾ ಒಮ್ಮೆ ನೋಡಿ ನಕ್ಕಿದ್ದಳು: "ನಮ್ಮನ್ಯಾಗ ಬುದ್ಧನ ಫೋಟೋ ಒರಸೋದು ನಾನ ಅಕ್ಕ. ನಾ ಹಿಂದಕ್ಕ ಮುಂದಕ್ಕ ಎರಡೂ ಕಡಿ ಒರಸ್ತೀನಿ. ಆತ ಏನೂ ಅನ್ನಂಗಿಲ್ಲ."

ಕಡ್ಡಿಗಳ ಜೊತೆ ಕುಡುಗೋಲು ಬೆರೆಸಿದ ಪದಾರ್ಥ ಹಾಕಿದ ಮೊದಲ ದಿನವೇ ರೇಣುಕಾ ಕೂಗಿ ಕರೆದಳು. ಗಾಜು ತಿರುಗಿಸಿದರೆ ಇಡೀ ಬಯಲು ಒಟ್ಟಿಗೆ ಕಪ್ಪು, ಒಟ್ಟಿಗೆ ಬೆಳಕು. ಉಜ್ಜದ ಗಾಜಿನ ಮೇಲೆ, ತಾನೇ ತಾನಾಗಿ ಸಾಲು. ಮಾರನೆಯ ದಿನವೂ ಹಾಗೆಯೇ, ತಿಂಗಳು ಕಳೆದರೂ ಹಾಗೆಯೇ. ಸಾಲು ಯಾವಾಗಲೂ ಗಾಜಿನ ಉದ್ದಕ್ಕೆ. ಪದಾರ್ಥ ಸಂದಿಯೊಳಗೆ ಹರಿಯುವುದೂ ಉದ್ದಕ್ಕೇ ಅಲ್ಲವೇ? ಹಾಗಾಗಿ ಸರ್ ಮತ್ತು ರೇಣುಕಾ ಕೂತು ಒಂದು ತೀರ್ಮಾನಕ್ಕೆ ಬಂದರು: ಕಡ್ಡಿ ಅಣು ಹರಿದ ದಿಕ್ಕನ್ನು ಮರೆಯುತ್ತದೆ, ಬಾಗಿದ ಅಣು ಮರೆಯುವುದಿಲ್ಲ. ಎಲ್ಲ ಆಕಾರದ ಮಹಿಮೆ. ಅದೇ ಅವಳ ಪ್ರಬಂಧದ ನಡುಗಂಬವಾಯಿತು. ಅದರ ಮೇಲೊಂದು ಲೇಖನ ಬರೆದು ಪತ್ರಿಕೆಗೆ ಕಳಿಸಿದರು, ಅದು ಒಪ್ಪಿಗೆಯೂ ಆಯಿತು. ಮಾರೆಪ್ಪ ಇಡೀ ಮಿಲ್ಲಿಗೆ ಹೇಳಿಕೊಂಡು ತಿರುಗಿದನಂತೆ.

ಪ್ರಬಂಧ ಕೊಡಲು ನಾಲ್ಕು ತಿಂಗಳಿದ್ದಾಗ ನಾನು ಎಡಗಣ್ಣಿನ ಪೊರೆ ತೆಗೆಸಿಕೊಳ್ಳಲು ಹದಿನೈದು ದಿನ ರಜೆ ಹಾಕಿದೆ. ನನ್ನ ಬದಲು ಗಾಜು ನೋಡಿಕೊಂಡವನು ಶೇಕ್ಷಾವಲಿ, ಪಕ್ಕದ ವಿಭಾಗದ ಅಟೆಂಡರ್. ನಾಲ್ಕನೆಯ ದಿನಕ್ಕೆ ರೇಣುಕಾಳ ಫೋನು.

"ಅಕ್ಕ, ಎಂದು ಬರ್ತೀರಿ? ಒಂದೂ ಸಾಲು ಹಿಡೀವಲ್ದು. ಮಾಲು ಕೆಟ್ಟೈತಿ ಅಂತಾರ ಸರ್. ನನಗ ಕೈಕಾಲ ಆಡವಲ್ದು."

ಕಣ್ಣಿಗೆ ಔಷಧ ಬಿಟ್ಟುಕೊಂಡು ನಾನೇನು ಹೇಳಲಿ? ರಜೆ ಮುಗಿಸಿ ಬಂದು, ಮೊದಲ ದಿನ ಆರು ಗಾಜು ಒರೆಸಿಕೊಟ್ಟೆ. ಆರಕ್ಕೆ ಆರೂ ಸಾಲು ಹಿಡಿದವು. ರೇಣುಕಾ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ನೀಲಕ್ಕ, ನಿಮ್ಮ ಕೈಗುಣ."

ಸರ್ ಕೂಡ, ಅವತ್ತು ಸಿಟ್ಟಿಲ್ಲದೆಯೂ ಕನ್ನಡದಲ್ಲೇ, "ಔನಮ್ಮಾ, ನಿನ್ನ ಕೈಗುಣವೇ" ಎಂದು ನಕ್ಕರು. ಕೈಗುಣವೆಂದರೆ ನಮ್ಮಲ್ಲಿ ಗೊತ್ತಲ್ಲ, ಕೆಲವರು ಸಸಿ ನೆಟ್ಟರೆ ಹತ್ತುತ್ತದೆ, ಕೆಲವರು ಉಪ್ಪಿನಕಾಯಿ ಹಾಕಿದರೆ ಕೆಡುವುದಿಲ್ಲ. ಸುಳ್ಳೇಕೆ ಹೇಳಲಿ, ನಾನು ಉಬ್ಬಿಹೋದೆ. ಇಷ್ಟು ವರ್ಷಕ್ಕೆ ಒಬ್ಬರಾದರೂ ನನ್ನ ಕೆಲಸ ಕಂಡರಲ್ಲ ಎಂದುಕೊಂಡೆ. ಬಸ್ಸಿನಲ್ಲಿ ಕುರುಗೋಡು ಮುಟ್ಟುವವರೆಗೂ ಅದೇ ಸಂತೋಷ.

ಎರಡು ದಿನ ಬಿಟ್ಟು ಶೇಕ್ಷಾವಲಿ ನಮ್ಮ ಲ್ಯಾಬಿಗೆ ಬಂದ. ಮಾತಾಡುತ್ತಾ ಮೇಜಿನ ಮೇಲಿದ್ದ ಒಂದು ಗಾಜು ಎತ್ತಿಕೊಂಡು ಬಟ್ಟೆಯಿಂದ ಒರೆಸತೊಡಗಿದ. ಅವನು ಚಿಕ್ಕಂದಿನಲ್ಲಿ ಹೋಟೆಲಿನಲ್ಲಿ ಚಹಾದ ಗ್ಲಾಸು ಒರೆಸಿದವನು. ಗರಗರ ಸುತ್ತು, ಸುತ್ತಿನ ಮೇಲೆ ಸುತ್ತು.

ನಾನು ಅವನ ಕೈ ನೋಡಿದೆ. ಆಮೇಲೆ ನನ್ನ ಕೈ ನೋಡಿಕೊಂಡೆ.

ಒರೆಸುವುದು, ಉಜ್ಜುವುದು ಎರಡು ಬೇರೆ ಎಂದು ಹೇಳಿದವರು ನಾವು. ಗಾಜಿಗೆ ಆ ಭೇದ ಗೊತ್ತಿತ್ತೇ? ಲೇಪವಿಲ್ಲದಿದ್ದರೇನು, ಮಖಮಲ್ಲಲ್ಲದಿದ್ದರೇನು, ಒಂದೇ ದಿಕ್ಕಿಗೆ ಎಳೆದದ್ದು ಎಳೆದದ್ದೇ. ಮೂರು ವರ್ಷದಲ್ಲಿ ಎರಡು ವರ್ಷ ನಾನು ರೇಣುಕಾಳ ಗಾಜನ್ನೆಲ್ಲ ಉಜ್ಜಿ ಕೊಟ್ಟಿದ್ದೆ. ಅವಳು ಅದನ್ನೆಲ್ಲ 'ಉಜ್ಜದ ಗಾಜು' ಎಂದು ಬರೆದುಕೊಂಡಿದ್ದಳು. ಕಡ್ಡಿ ಅಣು ನೋಡಿದ ವರ್ಷ ಗಾಜು ಅವಳೇ ತೊಳೆದು ಗಾಳಿಗೆ ಒಣಗಿಸಿದ್ದಳು, ಕುಡುಗೋಲು ಅಣು ನೋಡಿದ ಎರಡು ವರ್ಷ ಕೈ ನನ್ನದು. ಅವಳು ಆಕಾರಕ್ಕೂ ಆಕಾರಕ್ಕೂ ಇರುವ ವ್ಯತ್ಯಾಸ ಎಂದುಕೊಂಡದ್ದು ಅವಳಿಗೂ ನನಗೂ ಇದ್ದ ವ್ಯತ್ಯಾಸ.

ಎರಡು ದಿನ ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ನಾನು ವಿಜ್ಞಾನಿಯಲ್ಲ, ನನಗೇಕೆ ಬೇಕು, ನನ್ನ ಊಹೆ ತಪ್ಪೂ ಇರಬಹುದು ಎಂದು ಸಮಾಧಾನ ಮಾಡಿಕೊಂಡೆ. ಹೇಳಿದರೆ ಆ ಮಗುವಿನ ಡಿಗ್ರಿ ಹೋಗುತ್ತದೆ, ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬಿರುಸು ಬಾಯಿಯ ನೀಲಮ್ಮ ಎರಡು ದಿನ ತುಟಿ ಹೊಲಿದುಕೊಂಡು ಓಡಾಡಿದಳು. ಮೂರನೆಯ ದಿನ ರೇಣುಕಾ ಪ್ರಬಂಧದ ಮೊದಲ ಪುಟ ಟೈಪ್ ಮಾಡಿಸಿ ತಂದು ತೋರಿಸಿದಳು. ಅವಳ ಹೆಸರಿನ ಕೆಳಗೆ ಅಪ್ಪನ ಹೆಸರು, ಊರಿನ ಹೆಸರು. ನನಗೆ ತಡೆಯಲಾಗಲಿಲ್ಲ.

"ರೇಣುಕಾ, ಕುಂದರು. ನಿನ್ನ ಕುಡುಗೋಲು ಸಾಲು ಹಿಡದಿದ್ದು ಹರಿದದ್ದಕ್ಕ ಅಲ್ಲ ಅನಸ್ತೈತವ್ವ. ನಾ ಒರಸಿದ್ದಕ್ಕ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಬಟ್ಟೆ ತೆಗೆದುಕೊಂಡು ಒರೆಸಿ ತೋರಿಸಿದೆ. "ಬರೇ ಒರಸಿದ್ರ ಹಂಗ ಆಗಂಗಿಲ್ಲಕ್ಕ" ಅಂದಳು. ನನ್ನ ಕೈಯ ಬಟ್ಟೆ ಇಸಿದುಕೊಂಡು ನೋಡಿ, "ಆಗತೈತೇನು?" ಅಂದಳು.

"ನನಗ ಗೊತ್ತಿಲ್ಲ. ನೋಡೂಣು."

ಮಧ್ಯಾಹ್ನ ಹತ್ತು ಜೊತೆ ಗಾಜು ಒರೆಸಿದೆ. ಕೆಲವನ್ನು ಉದ್ದಕ್ಕೆ, ಕೆಲವನ್ನು ಮೂಲೆಯಿಂದ ಮೂಲೆಗೆ ಓರೆಗೆ. ಯಾವುದು ಹೇಗೆಂದು ಚೀಟಿಯಲ್ಲಿ ಬರೆದು ಮಡಚಿ ನನ್ನ ಊಟದ ಡಬ್ಬಿಯ ಕೆಳಗಿಟ್ಟೆ, ಅವಳಿಗೆ ಹೇಳಲಿಲ್ಲ. ಅವಳು ಐದಕ್ಕೆ ಕುಡುಗೋಲು ಬೆರೆತದ್ದನ್ನು ತುಂಬಿದಳು, ಐದಕ್ಕೆ ಬರಿಯ ಕಡ್ಡಿ. ತುಂಬಿದ್ದೆಲ್ಲ ಯಾವಾಗಿನಂತೆ ಉದ್ದಕ್ಕೇ. ಆಮೇಲೆ ಒಂದೊಂದನ್ನೇ ಸೂಕ್ಷ್ಮದರ್ಶಕದಲ್ಲಿಟ್ಟು ತಿರುಗಿಸುತ್ತಾ ಹೇಳಿದಳು: ಉದ್ದ. ಓರೆ. ಓರೆ. ಉದ್ದ. ಕಡ್ಡಿಗಳೂ ಸಾಲು ಹಿಡಿದಿದ್ದವು. ಕುಡುಗೋಲಿಗಿಂತ ಚೆನ್ನಾಗಿಯೇ ಹಿಡಿದಿದ್ದವು. ಹತ್ತೂ ಮುಗಿದ ಮೇಲೆ ಚೀಟಿ ಬಿಚ್ಚಿದೆವು. ಹತ್ತಕ್ಕೆ ಹತ್ತೂ ಸರಿ.

ಅವಳು ಸ್ಟೂಲಿನ ಮೇಲೆ ಕೂತೇ ಇದ್ದಳು.

"ಇಷ್ಟು ದಿನ ನಾ ಅಣು ನೋಡಿಲ್ಲಕ್ಕ. ನಿಮ್ಮ ಬೆರಳು ನೋಡೀನಿ" ಅಂದಳು.

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಚೀಲ ತೆಗೆದುಕೊಂಡು, ನನ್ನ ಕಡೆ ನೋಡದೆ ಹೋದಳು. ಸೂಕ್ಷ್ಮದರ್ಶಕದ ದೀಪ ಆರಿಸುವುದನ್ನೂ ಮರೆತಿದ್ದಳು, ನಾನು ಆರಿಸಿದೆ.

ಸರ್‌ಗೆ ನಾನೇ ಹೇಳಿದೆ. ನನ್ನನ್ನು ಕೂಡಿಸಿಕೊಂಡು ದ್ರವ ಸ್ಫಟಿಕ ತೋರಿಸಿದ ಮನುಷ್ಯ ಅವರು, ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗಾಜು ಹೇಗೆ ಒರೆಸಿದಿರಿ ಅಂತ ಯಾವ ಪರೀಕ್ಷಕರೂ ಕೇಳೋದಿಲ್ಲ ನೀಲಮ್ಮ."

"ಕೇಳಂಗಿಲ್ಲ ಸರ್."

"ಲೇಖನ ಒಪ್ಪಿಗೆ ಆಗಿದೆ. ಹುಡುಗಿಯ ಫೆಲೋಶಿಪ್ ಮುಗೀತಾ ಬಂತು. ಇದು ಇದ್ದಂಗೆ ಇರಲಿ ಬಿಡು."

ಅವರು ಇದನ್ನು ಕನ್ನಡದಲ್ಲೇ ಹೇಳಿದರು. ಆದರೆ ಅವರ ಸಿಟ್ಟು ನನ್ನ ಮೇಲೆ ಇರಲಿಲ್ಲವೆಂದು ನನಗೆ ಗೊತ್ತು. ನಾನು ಎದ್ದು ಬಂದೆ. ಅವರನ್ನು ಹೀನಾಯ ಮಾಡಲು ಇದನ್ನು ಬರೆದಿಲ್ಲ. ಆ ಎರಡು ದಿನ ನಾನೂ ಅದನ್ನೇ ಅಂದುಕೊಂಡಿದ್ದೆ, ಅವರು ಬಾಯಿಬಿಟ್ಟು ಅಂದರು.

ರೇಣುಕಾ ಒಂದು ವಾರ ಬರಲಿಲ್ಲ, ಫೋನೂ ಎತ್ತಲಿಲ್ಲ. ಆ ವಾರ ನನಗೆ ಊಟ ಸೇರಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ದೇಶನೂರಿನಿಂದ ನೇರ ಲ್ಯಾಬಿಗೆ ಬಂದಳು. ನನ್ನ ಜೊತೆ ಮಾತಾಡದೆ ಸರ್ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು, ಕೇಳಿಸಿತು.

"ಸರ್, ಪೇಪರ್ ವಾಪಸ್ ತಗೊಳ್ಳೂಣ್ರಿ."

ಸರ್ ಕುರ್ಚಿ ಹಿಂದಕ್ಕೆ ಸರಿಸಿದ ಸದ್ದಾಯಿತು.

"ಅಪ್ಪಗ ಎಲ್ಲ ಹೇಳಿದೆ ಸರ್. ಆತ ಏನಂದ ಗೊತ್ತೇನ್ರಿ? ಅಕ್ಕ್ಯಾಗ ಕಲ್ಲು ಐತಿ ಅಂತ ಗೊತ್ತಾದ ಮ್ಯಾಲೂ ಚೀಲ ಹೊಲದು ಕಳಸಿದ್ರ, ಆ ಕಲ್ಲು ನಾವ ಹಾಕಿದಂಗ ಅಂದ."

ಆಮೇಲೆ ಸರ್ ಮೆಲ್ಲಗೆ, "ಬರಿ ಹಾಗಾದರೆ. ಇಬ್ಬರೂ ಸಹಿ ಮಾಡೋಣ" ಅಂದರು. ಹೊರಗೆ ಬಂದವರು ನನ್ನ ಮೇಜಿನ ಹತ್ತಿರ ನಿಂತರು. ಅವತ್ತು ಸಂಜೆಯವರೆಗೂ ಕೂತು ನನ್ನ ಜೊತೆ ಗಾಜು ತೊಳೆದರು.

ಅಲ್ಲಿಂದ ಕೆಲಸದ ರೀತಿಯೇ ಬದಲಾಯಿತು. ಕೈಯನ್ನು ನಂಬುವಂತಿರಲಿಲ್ಲ, ಒಂದು ದಿನ ಒತ್ತಿ ಎಳೆಯುತ್ತದೆ, ಒಂದು ದಿನ ಸಡಿಲ. ಹಳೆಯ ತಕ್ಕಡಿಯ ತೂಕದ ಕಲ್ಲಿಗೆ ಬಟ್ಟೆ ಸುತ್ತಿ, ಎರಡು ಪಟ್ಟಿಯ ನಡುವೆ ಎಳೆಯುವ ಒಂದು ಗಾಡಿ ಮಾಡಿದೆವು. ನಾನು ಒರೆಸಿದ ಗಾಜನ್ನೂ ಗಾಡಿ ಎಳೆದ ಗಾಜನ್ನೂ ಅಕ್ಕಪಕ್ಕ ಇಟ್ಟು ರೇಣುಕಾ ಮೊದಲಿನಿಂದ ನೋಡತೊಡಗಿದಳು. ಅವಧಿ ಒಂದು ವರ್ಷ ಮುಂದೆ ಹೋಯಿತು, ಫೆಲೋಶಿಪ್ ನಿಂತಿತು. ಬೆಳಿಗ್ಗೆ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಪಾಠ ಮಾಡಿ ಮಧ್ಯಾಹ್ನ ಲ್ಯಾಬಿಗೆ ಬರುತ್ತಿದ್ದಳು. ಬಹಳ ಸೊರಗಿದಳು. ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಅಕ್ಕ ಅನ್ನುತ್ತಿದ್ದಳು, ನೀಲಕ್ಕ ಅನ್ನುತ್ತಿರಲಿಲ್ಲ. ಅದು ನನಗೆ ಎಷ್ಟು ಚುಚ್ಚುತ್ತಿತ್ತೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ.

ಕಡೆಗೆ ಸಿಕ್ಕ ಸತ್ಯ ಮೊದಲಿನದಕ್ಕೆ ತದ್ವಿರುದ್ಧ. ಕಡ್ಡಿ ಅಣುಗಳು ನಾಲ್ಕೆಳೆಗೇ ಮಾತು ಕೇಳುತ್ತವೆ. ಅವುಗಳ ನಡುವೆ ಕುಡುಗೋಲು ಸೇರಿಸುತ್ತಾ ಹೋದಂತೆ ಹೆಚ್ಚು ಹೆಚ್ಚು ಎಳೆ ಬೇಕಾಗುತ್ತದೆ. ಒಂದು ಮಟ್ಟ ದಾಟಿದರೆ ಎಷ್ಟು ಎಳೆದರೂ ಸಾಲು ನಿಲ್ಲುವುದಿಲ್ಲ. ಬಾಗಿದವು ತಾವು ಸಾಲು ಕಟ್ಟುವವಲ್ಲ, ಕಟ್ಟಿದ್ದನ್ನು ಸಡಿಲಿಸುವವು. ಮಾರೆಪ್ಪ ಸಂಗದೋಷ ಅಂದದ್ದು ಇದೇ. ಆಕಾರದ ಮಹಿಮೆ ಇದ್ದೇ ಇತ್ತು, ನಾವು ಹುಡುಕಿದ ಕಡೆ ಇರಲಿಲ್ಲ ಅಷ್ಟೇ.

ಮೌಖಿಕ ಪರೀಕ್ಷೆಗೆ ಪ್ರಬಂಧ ಬೈಂಡ್ ಆಗಿ ಬಂದ ದಿನ ರೇಣುಕಾ ಐದು ಪ್ರತಿ ಮೇಜಿನ ಮೇಲಿಟ್ಟು, ಒಂದನ್ನು ನನ್ನ ಕೈಗೆ ಕೊಟ್ಟಳು. ಎಲ್ಲರೂ ಮಾಡುವಂತೆ ನಾನು ಮೊದಲು ಕೃತಜ್ಞತೆಯ ಪುಟ ತೆಗೆದೆ. ಸರ್ ಹೆಸರಿತ್ತು, ಅಪ್ಪ, ಅವ್ವ, ಶೇಕ್ಷಾವಲಿಯ ಹೆಸರೂ ಇತ್ತು. ನನ್ನದಿರಲಿಲ್ಲ. ಎರಡು ಸಲ ಓದಿದೆ. ಇಲ್ಲ. ನ್ಯಾಯವಾಗಿಯೇ ಇದೆ ಎಂದುಕೊಂಡೆ. ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟೆ.

"ಅಲ್ಲ್ಯಾಕ ಹುಡಕ್ತೀರಿ?" ಅಂದಳು ರೇಣುಕಾ. "ಮೂರನೇ ಅಧ್ಯಾಯ ತಗೀರಿ."

ಮೂರನೆಯ ಅಧ್ಯಾಯ ಪ್ರಯೋಗದ ವಿಧಾನ. ಅದರಲ್ಲೊಂದು ವಾಕ್ಯದ ಮೇಲೆ ಬೆರಳಿಟ್ಟು ತೋರಿಸಿದಳು. ಇಂಗ್ಲಿಷಿನಲ್ಲಿತ್ತು, ಅಷ್ಟು ನನಗೆ ಬರುತ್ತದೆ. ಹೋಲಿಕೆಯ ಗಾಜುಗಳನ್ನು ಶ್ರೀಮತಿ ನೀಲಮ್ಮ ಅವರು ಮೂರು ಬೆರಳಿಗೆ ಹತ್ತಿಯ ಬಟ್ಟೆ ಸುತ್ತಿ, ಎಡದಿಂದ ಬಲಕ್ಕೆ, ಆರು ಬಾರಿ ಉಜ್ಜಿದರು ಎಂದಿತ್ತು. ಒರೆಸಿದರು ಎಂದಲ್ಲ.

"ಥ್ಯಾಂಕ್ಸ್ ಹೇಳೋದು ಹೊರಗಿಂದ ಸಹಾಯ ಮಾಡಿದೋರಿಗೆ" ಅಂದಳು. "ನೀವು ಪ್ರಯೋಗದ ಒಳಗ ಅದೀರಿ, ನೀಲಕ್ಕ."

ಕನ್ನಡಕ ಒರೆಸಿಕೊಂಡು ಆ ವಾಕ್ಯವನ್ನು ಮತ್ತೊಂದು ಸಲ ಓದಿದೆ. ಆಮೇಲೆ ಹೇಳಲೇಬೇಕಾಯಿತು.

"ಆರಲ್ಲವ್ವ, ಏಳು. ಮೊದಲನೇದ್ದು ಧೂಳು ತಗ್ಯಾಕ ಅಂತ ಎಳೀತೀನಿ, ನೀ ಅದನ್ನ ಎಣಿಸಿಲ್ಲ. ಅದೂ ಎಡದಿಂದ ಬಲಕ್ಕ."

ರೇಣುಕಾ ನನ್ನ ಮುಖ ನೋಡಿದಳು. ಬೈಂಡ್ ಆದ ಪುಸ್ತಕ, ಚಿನ್ನದ ಅಕ್ಷರ. ಪೆನ್ನು ತೆಗೆದಳು. ಐದೂ ಪ್ರತಿಗಳಲ್ಲಿ ಆರನ್ನು ಹೊಡೆದು ಏಳು ಮಾಡಿ, ಪಕ್ಕದಲ್ಲಿ ಸಹಿ ಹಾಕಿದಳು. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿ, "ನೀವೂ ಹಾಕ್ರಿ" ಅಂದಳು.